ದಟ್ಟಗಳ್ಳಿ: ಮನೆ ಕಡೆ ವಾಲಿರುವ ಗುಲ್‌ಮೊಹರ್. ತಲೆ ಹೊಡೆಸಿದರೆ ಸಾಕೇ, ಪೂರ್ತಿ ತೆಗೆಸಬೇಕೇ?

ದಟ್ಟಗಳ್ಳಿ_40x60

ಮೈಸೂರು ದಟ್ಟಗಳ್ಳಿಯಲ್ಲಿ 40×60 ಸೈಟು, ರಸ್ತೆ ಪಶ್ಚಿಮಕ್ಕಿದೆ. ಮುಂದಿನ ಅಂಗಳದಲ್ಲಿ ಕಾಂಪೌಂಡಿನಿಂದ ನಾಲ್ಕಡಿ ಒಳಗೆ ಗುಲ್‌ಮೊಹರ್ ಮರ ಇದೆ. ಎದೆಮಟ್ಟದಲ್ಲಿ ಸುತ್ತಳತೆ 190 ಸೆಂ.ಮೀ., ಎತ್ತರ ಸುಮಾರು 35 ಅಡಿ. ಪೋರ್ಟಿಕೋಗೆ ಹನ್ನೆರಡು ಅಡಿ ಅಂತರ. ಮೊದಲಿಂದಲೂ ಸ್ವಲ್ಪ ಮನೆ ಕಡೆ ವಾಲಿತ್ತು, ಈಗ ಹೆಚ್ಚಾದಂತೆ ಕಾಣುತ್ತಿದೆ. ಕಳೆದ ದೀಪಾವಳಿ ಹೊತ್ತಿಗೆ ಕಾಂಪೌಂಡಿನ ಹೊರಗೆ ಚರಂಡಿಗೆ ಮೂರಡಿ ಆಳ ಅಗೆದರು. ಆಗ ತೋಳು ಗಾತ್ರದ ಬೇರುಗಳು ತುಂಡಾದವು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು ಇದೇ ಮರದ ಕೊಂಬೆಗಳ ನಡುವೆ ಹಾದುಬರುತ್ತದೆ.

ದಕ್ಷಿಣದ ಪ್ಯಾಸೇಜಿನಲ್ಲಿ ಒಂದು ರಸಪುರಿ ಮಾವು. ಎರಡು ಕೊಂಬೆ ತಾರಸಿ ಮೇಲೆ ಬಂದಿವೆ, ಕಾಂಡದಲ್ಲಿ ಒಂದು ಕಡೆ ಮರದ ಹೊಟ್ಟು ಉದುರುತ್ತಿದೆ. ಹಿಂದಿನ ಮೂಲೆಯಲ್ಲಿ ಒಂದು ತೆಂಗು.

ಮರ ಕಡಿಯುವವರೊಬ್ಬರು ಬಂದು ನೋಡಿದರು. ಗುಲ್‌ಮೊಹರ್ ತಲೆ ಹೊಡೆದುಕೊಡುತ್ತಾರಂತೆ, ಮಾವು ಬುಡಸಮೇತ ತೆಗೆಯುತ್ತಾರಂತೆ. ದುಡ್ಡು ಬೇಡ, ಸೌದೆ ಕೊಟ್ಟರೆ ಸಾಕಂತೆ. ಯುಗಾದಿ ಆಯಿತು, ಇನ್ನು ಅಶ್ವಿನಿ, ಭರಣಿ ಮಳೆ ಗಾಳಿ ಶುರುವಾಗುತ್ತದೆ. ಏನು ಮಾಡುವುದು ಸರಿ? ಅನುಮತಿ ಯಾವುದಕ್ಕೆಲ್ಲ ಬೇಕು?

---

ಬೇರುಬುಡ

ಮೊದಲು ಆ ಮಾತುಕತೆ ನಿಲ್ಲಿಸಿ. ಸೌದೆಗಾಗಿ ಕೆಲಸ ಮಾಡುವವರಿಗೆ ಸವರುವುದರಲ್ಲಿ ಲಾಭ ಇಲ್ಲ, ಉರುಳಿಸುವುದರಲ್ಲಿ ಇದೆ. ಹಾಗಾಗಿ ಉಳಿಸಬಹುದಾದ ಮಾವನ್ನು ತೆಗೆಯುತ್ತೇನೆ ಅನ್ನುತ್ತಾರೆ, ನಿಜವಾಗಿ ಅಪಾಯ ಇರಬಹುದಾದ ಗುಲ್‌ಮೊಹರನ್ನು ಮೋಟು ಮಾಡಿ ಬಿಡುತ್ತೇನೆ ಅನ್ನುತ್ತಾರೆ.

ಗುಲ್‌ಮೊಹರ್ ವಿಷಯದಲ್ಲಿ ನೋಡಬೇಕಾದ್ದು ತಲೆಯನ್ನಲ್ಲ, ಬುಡವನ್ನು. ವಾಲಿದ ಮರವೆಲ್ಲ ಬೀಳುವ ಮರ ಅಲ್ಲ. ಚಿಕ್ಕಂದಿನಿಂದ ಬೆಳಕು ಹುಡುಕಿಕೊಂಡು ವಾಲಿದ ಮರದ ತುದಿ ಮತ್ತೆ ನೆಟ್ಟಗೆ ಮೇಲಕ್ಕೆ ತಿರುಗಿರುತ್ತದೆ, ವಾಲಿಗೆ ತಕ್ಕಂತೆ ಬೇರೂ ಬಲಿತಿರುತ್ತದೆ. ಹೊಸದಾಗಿ ವಾಲಿದ್ದರೆ ಬುಡದಿಂದ ತುದಿವರೆಗೂ ಒಂದೇ ಗೆರೆಯಲ್ಲಿ ಓರೆಯಾಗಿರುತ್ತದೆ.

ನಿಮ್ಮ ಲೆಕ್ಕ ನೋಡಿ. ಸುತ್ತಳತೆ 190 ಅಂದರೆ 3.14ರಿಂದ ಭಾಗಿಸಿ, ವ್ಯಾಸ ಸುಮಾರು 60 ಸೆಂ.ಮೀ. ಮರವನ್ನು ನಿಲ್ಲಿಸಿರುವ ದಪ್ಪ ಬೇರುಗಳು ಮುಖ್ಯವಾಗಿ ವ್ಯಾಸದ ಮೂರು ಪಟ್ಟು ದೂರದೊಳಗೆ ಇರುತ್ತವೆ, ಅಂದರೆ ಇಲ್ಲಿ 1.8 ಮೀಟರ್. ಚರಂಡಿ ಅಗೆದದ್ದು ಗೋಡೆ ದಪ್ಪ ಸೇರಿಸಿದರೂ ಹೆಚ್ಚೆಂದರೆ 1.5 ಮೀಟರ್ ದೂರದಲ್ಲಿ. ಅಗೆದದ್ದು ಪಶ್ಚಿಮಕ್ಕೆ, ವಾಲಿರುವುದು ಪೂರ್ವಕ್ಕೆ. ವಾಲಿದ ಮರವನ್ನು ಹಿಡಿದುಕೊಳ್ಳುವುದು ವಾಲಿಗೆ ಎದುರು ಬದಿಯ ಬೇರು, ಡೇರೆಯನ್ನು ಹಿಂದಿನ ಹಗ್ಗ ಎಳೆದು ನಿಲ್ಲಿಸಿದ ಹಾಗೆ. ಇಲ್ಲಿ ತುಂಡಾಗಿರುವುದು ಆ ಹಗ್ಗವೇ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದಲೇ ಬರುವುದು, ಅಂದರೆ ಮನೆ ಕಡೆಗೇ ನೂಕುತ್ತದೆ.

ಇಷ್ಟು ನೋಡಿ ಬಂದು ಬರೆಯಿರಿ:

ಬುಡದ ಪಶ್ಚಿಮಕ್ಕೆ ಮೂರರಿಂದ ಆರು ಅಡಿ ದೂರದೊಳಗೆ ಮಣ್ಣಿನಲ್ಲಿ ಅರ್ಧಚಂದ್ರದ ಹಾಗೆ ಬಿರುಕು ಇದೆಯೇ, ಮಣ್ಣು ಉಬ್ಬಿದೆಯೇ? ತರಗೆಲೆ ಗುಡಿಸಿ ನೋಡಿ, ಮೇಲೆ ಕಾಣುವುದಿಲ್ಲ. ಬಿರುಕಿದ್ದರೆ ಎರಡೂ ಬದಿಗೆ ಒಂದೊಂದು ಕಬ್ಬಿಣದ ಗೂಟ ಹೊಡೆದು ನಡುವಿನ ಅಂತರ ಮಿಲಿಮೀಟರ್‌ನಲ್ಲಿ ಬರೆದಿಡಿ.

ಮೊದಲ ಕವಲಿನಿಂದ ತೂಗುಗುಂಡು ಇಳಿಬಿಟ್ಟು ಅದು ನೆಲ ಮುಟ್ಟುವ ಜಾಗಕ್ಕೆ ಮೊಳೆ ಹೊಡೆಯಿರಿ. ಗಾಳಿ ನಿಂತ ಬೆಳಗಿನ ಹೊತ್ತಿನಲ್ಲಿ ಮಾಡಿ. ಒಂದು ಗಾಳಿಮಳೆ ಆದ ಮೇಲೆ ಮತ್ತೆ ಇಳಿಬಿಟ್ಟು ನೋಡಿ. ಗುಂಡು ಮೊಳೆಯಿಂದ ಮನೆ ಕಡೆಗೆ ಸರಿದಿದ್ದರೆ ಮರ ಚಲಿಸುತ್ತಿದೆ ಎಂದೇ ಅರ್ಥ.

ಬುಡದಲ್ಲಿ, ಅದರಲ್ಲೂ ಬೇರು ಕವಲೊಡೆಯುವ ಕಡೆ, ಗಟ್ಟಿ ತಟ್ಟೆಯಂಥ ಅಣಬೆ ಇದೆಯೇ? ಮೇಲೆ ಕಂದು, ವಾರ್ನಿಷ್ ಹೊಡೆದಂತೆ ಹೊಳೆಯುವುದು, ಅಂಚು ಬಿಳಿ ಇದ್ದರೆ ಗ್ಯಾನೋಡರ್ಮಾ. ಅದು ಹೊರಗೆ ಕಾಣುವ ಹೊತ್ತಿಗೆ ಒಳಗಿನ ಬೇರು ಬಹಳಷ್ಟು ಕೊಳೆತಿರುತ್ತದೆ.

ಮರದ ಸುತ್ತಿಗೆಯಿಂದ ಬುಡದ ಸುತ್ತ ಗೇಣಿಗೊಂದು ಕಡೆ ತಟ್ಟಿ. ಗಟ್ಟಿ ಮರ ಚುರುಕಾಗಿ ಟಣ್ ಅನ್ನುತ್ತದೆ, ಪೊಳ್ಳಾದರೆ ಡೊಳ್ಳಿನ ಸದ್ದು. ಪೊಟರೆ ಇದ್ದರೆ 6 ಎಂ.ಎಂ. ಸರಳು ಒಳಗೆ ತೂರಿಸಿ ಆಳ ಅಳೆಯಿರಿ. ಒಳಗೆ ಪೊಳ್ಳಾಗಿದ್ದರೂ ಸುತ್ತ ಗಟ್ಟಿ ಕವಚ ತ್ರಿಜ್ಯದ ಮೂರನೇ ಒಂದು ಭಾಗ ಇದ್ದರೆ ಮರ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ನಿಮ್ಮ ಮರಕ್ಕೆ ಅದು 10 ಸೆಂ.ಮೀ. ಆದರೆ ಈ ಲೆಕ್ಕ ಸುತ್ತಲೂ ಮುಚ್ಚಿರುವ ಕಾಂಡಕ್ಕೆ. ಒಂದು ಬದಿ ಬಾಯಿ ತೆರೆದಿದ್ದರೆ ಇದು ಲಾಗೂ ಆಗುವುದಿಲ್ಲ.

---

ದಟ್ಟಗಳ್ಳಿ_40x60

ನೋಡಿದೆ. ಪಶ್ಚಿಮಕ್ಕೆ ನಾಲ್ಕಡಿ ಉದ್ದದ ಬಿರುಕು ಇದೆ, ಹೆಬ್ಬೆರಳು ಹೋಗುವಷ್ಟು ಅಗಲ. ಕಾಂಪೌಂಡ್ ಗೋಡೆ ಅದೇ ಜಾಗದಲ್ಲಿ ಮೇಲಕ್ಕೆ ಎತ್ತಿದಂತಾಗಿ ಮೆಟ್ಟಿಲಾಕಾರವಾಗಿ ಸೀಳಿದೆ. ಉತ್ತರ ಬದಿಯ ಬೇರಿನ ಮೇಲೆ ಅಂಗೈ ಅಗಲದ ಎರಡು ಅಣಬೆ, ಕಂದು ಬಣ್ಣ, ಹೊಳಪಿದೆ. ತಟ್ಟಿದರೆ ಆ ಬದಿ ಸದ್ದು ಬೇರೆ ಬರುತ್ತದೆ. ತುದಿ ಮೇಲಕ್ಕೆ ತಿರುಗಿಲ್ಲ, ನೇರವಾಗಿ ಓರೆ ಇದೆ.

---

ಬೇರುಬುಡ

ಹಾಗಿದ್ದರೆ ಉಳಿಸುವ ಮಾತಿಲ್ಲ. ಬಿರುಕು, ಅಣಬೆ, ತುಂಡಾದ ಬೇರು, ಮನೆ ಕಡೆ ವಾಲು ನಾಲ್ಕೂ ಒಟ್ಟಿಗೆ ಇವೆ. ಒಂದೊಂದೇ ಆಗಿದ್ದರೆ ಕೊಂಬೆಯ ಭಾರ ಇಳಿಸಿ ಕಾದು ನೋಡಿ ಅನ್ನಬಹುದಿತ್ತು. ನೆರಳು ಕೊಟ್ಟ ಮರ ಹೋಗುವುದು ಬೇಸರದ ಸಂಗತಿಯೇ, ಆದರೆ ಈ ಬೇರು ಮತ್ತೆ ಕೂಡಿಕೊಳ್ಳುವುದಿಲ್ಲ.

ತಲೆ ಹೊಡೆಸಿ ಇಟ್ಟುಕೊಳ್ಳೋಣ ಅನ್ನುವುದು ಯಾಕೆ ಪರಿಹಾರ ಅಲ್ಲ ಅಂತ ಹೇಳಿಬಿಡುತ್ತೇನೆ, ಬಡಾವಣೆಗಳಲ್ಲೆಲ್ಲ ಇದೇ ನಡೆಯುತ್ತಿದೆ. ದಪ್ಪ ಕಾಂಡವನ್ನು ನಡುವೆ ಕತ್ತರಿಸಿದರೆ ಆ ಗಾಯ ಮುಚ್ಚುವುದಿಲ್ಲ, ಅಲ್ಲಿಂದ ಕೆಳಕ್ಕೆ ಕೊಳೆ ಇಳಿಯುತ್ತದೆ. ಮರ ಎಲೆ ಕಳೆದುಕೊಂಡ ಗಾಬರಿಗೆ ಮೋಟಿನ ಸುತ್ತ ಹತ್ತಾರು ಚಿಗುರು ಎಬ್ಬಿಸುತ್ತದೆ. ಆ ಚಿಗುರು ತೊಗಟೆಯ ಕೆಳಗಿನ ತೆಳು ಪದರಕ್ಕೆ ಅಂಟಿಕೊಂಡಿರುತ್ತದೆ, ಒಳ ತಿರುಳಿಗೆ ಬೆಸೆದಿರುವುದಿಲ್ಲ. ಕೆಲವೇ ವರ್ಷದಲ್ಲಿ ಅವು ತೊಡೆ ಗಾತ್ರಕ್ಕೆ ಬಂದು, ಕೆಳಗೆ ಕೊಳೆತ ಮೋಟು, ಮೇಲೆ ಮೊದಲಿನಷ್ಟೇ ಭಾರ ಆಗುತ್ತದೆ. ಗುಲ್‌ಮೊಹರ್ ಮರ ಮೊದಲೇ ಪೆಡಸು. ನಿಮ್ಮ ಮರಕ್ಕಂತೂ ತೊಂದರೆ ಇರುವುದೇ ಕೆಳಗೆ.

ಅನುಮತಿ ಬರುವವರೆಗೆ ಪೋರ್ಟಿಕೋದಲ್ಲಿ ಕಾರು ನಿಲ್ಲಿಸಬೇಡಿ, ಆ ಬದಿಯ ಕೋಣೆಯಲ್ಲಿ ರಾತ್ರಿ ಮಲಗಬೇಡಿ. ಬುಡಕ್ಕೆ ನೀರು ಬಿಡುವುದನ್ನು ನಿಲ್ಲಿಸಿ. ನೆನೆದ ಮಣ್ಣಿನಲ್ಲಿ ಬೇರಿನ ಹಿಡಿತ ಇನ್ನೂ ಕಮ್ಮಿ.

---

ಅರ್ಜಿನಮೂನೆ

ಅನುಮತಿಯ ವಿಚಾರ ನಾನು ಬರೆಯುತ್ತೇನೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಬೇಕು. ಬುಡ ಕತ್ತರಿಸುವುದಕ್ಕೆ ಮಾತ್ರ ಅಂದುಕೊಳ್ಳಬೇಡಿ. ತಲೆ ಹೊಡೆಯುವುದು, ಸುತ್ತ ತೊಗಟೆ ಸುಲಿಯುವುದು, ಔಷಧ ಹಾಕಿ ಒಣಗಿಸುವುದು, ಬುಡಕ್ಕೆ ಬೆಂಕಿ ಇಡುವುದು ಎಲ್ಲವೂ ಕಾಯ್ದೆಯ ದೃಷ್ಟಿಯಲ್ಲಿ ಮರ ಕಡಿದ ಹಾಗೆಯೇ. ‘ತಲೆ ಹೊಡೆಯೋಕೆ ಪರ್ಮಿಷನ್ ಬೇಡ ಸಾರ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಈ ಕಾಯ್ದೆಯಿಂದ ವಿನಾಯಿತಿ ಪಡೆದ ಜಾತಿಗಳಲ್ಲಿ ಸೇರಿವೆ. ಗುಲ್‌ಮೊಹರ್‌ಗೆ ಅರ್ಜಿ ಹಾಕಿಯೇ ಮುಂದುವರಿಯಿರಿ. ಹಿತ್ತಲಲ್ಲಿ ಶ್ರೀಗಂಧ ತಾನಾಗೇ ಹುಟ್ಟಿದ್ದರೆ ಅದರ ಒಂದು ರೆಂಬೆಯನ್ನೂ ಇಲಾಖೆಗೆ ತಿಳಿಸದೆ ಮುಟ್ಟಬೇಡಿ.

ಅರ್ಜಿ ಕೊಡಬೇಕಾದ್ದು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ, ಅಶೋಕಪುರಂನ ಅರಣ್ಯ ಭವನದಲ್ಲಿ ವಿಚಾರಿಸಿ. ಜೊತೆಗೆ ಖಾತೆ ಮತ್ತು ಕಂದಾಯ ರಸೀದಿಯ ನಕಲು, ಗುರುತಿನ ಚೀಟಿ, ಸೈಟಿನ ಕೈನಕ್ಷೆ ಇರಲಿ. ನಕ್ಷೆಯಲ್ಲಿ ಮರದಿಂದ ಮನೆ, ಕಾಂಪೌಂಡ್, ವಿದ್ಯುತ್ ತಂತಿಗೆ ಇರುವ ಅಂತರ ಬರೆಯಿರಿ. ಜಾತಿ, ಸುತ್ತಳತೆ, ಎತ್ತರ ನಮೂದಿಸಿ. ಕಾರಣದ ಜಾಗದಲ್ಲಿ ‘ಎಲೆ ಉದುರುತ್ತದೆ, ಮನೆಗೆ ತೊಂದರೆ’ ಅಂತ ಬರೆದ ಅರ್ಜಿ ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ನಿಮಗೆ ಗಟ್ಟಿ ಕಾರಣ ಇದೆ: ಬಿರುಕಿನ ಫೋಟೋ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ, ಅಣಬೆಯದ್ದು ಒಂದು, ಗೋಡೆ ಸೀಳಿದ್ದು ಒಂದು, ದೂರದಿಂದ ವಾಲು ಕಾಣುವಂತೆ ಒಂದು. ಅರ್ಜಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಧಿಕಾರಿ ಸ್ಥಳಕ್ಕೆ ಬಂದು ನೋಡಿದ ಮೇಲೆ ಆದೇಶ ಬರುತ್ತದೆ, ಸಾಮಾನ್ಯವಾಗಿ ಬದಲಿ ಸಸಿ ನೆಡುವ ಷರತ್ತಿನೊಂದಿಗೆ. ಕಡಿದ ಮರವನ್ನು ಲಾರಿಯಲ್ಲಿ ಸಾಗಿಸಲು ಪಾಸ್ ಬೇಕೇ ಎಂದು ಅದೇ ಆದೇಶ ಕೈಗೆ ಬಂದಾಗ ಕೇಳಿ ಬರೆಸಿಕೊಳ್ಳಿ.

ಕಾಂಪೌಂಡಿನ ಹೊರಗೆ, ಫುಟ್‌ಪಾತಿನಲ್ಲಿ ಇರುವ ಮರ ನಿಮ್ಮದಲ್ಲ. ನೀವೇ ನೆಟ್ಟು ನೀರೆರೆದಿದ್ದರೂ ಅಲ್ಲ. ಅದಕ್ಕೆ ಪಾಲಿಕೆಗೆ ದೂರು ಕೊಡಬೇಕು. ಗಾಳಿಗೆ ಬಿದ್ದ ಮರ ತೆರವು ಮಾಡಲು ಪಾಲಿಕೆಯ ಅಭಯ ತಂಡ ಬರುತ್ತದೆ. ಹೈದರ್ ಅಲಿ ರಸ್ತೆಯಲ್ಲಿ 2025ರ ಏಪ್ರಿಲ್‌ನಲ್ಲಿ ಸಾಲುಮರಗಳನ್ನು ಕಡಿದುರುಳಿಸಿದ ಮೇಲೆ ಮೈಸೂರಿನ ಜನ ಗರಗಸದ ಸದ್ದು ಕೇಳಿದರೆ ಕಾಗದ ಕೇಳುತ್ತಾರೆ. ಒಳ್ಳೆಯದೇ ಆಯಿತು. ಕೆಲಸದ ದಿನ ಆದೇಶದ ನಕಲನ್ನು ಗೇಟಿಗೆ ಅಂಟಿಸಿ.

---

ಹಗ್ಗ_ಗರಗಸ

ತೆಗೆಯುವ ರೀತಿ. ಇದನ್ನು ಬುಡದಿಂದ ಕಡಿದು ಕೆಡವುವ ಪ್ರಶ್ನೆಯೇ ಇಲ್ಲ. ಕೆಡವಲು ಮರದ ಎತ್ತರದ ಎರಡರಷ್ಟು ದೂರ ಖಾಲಿ ಜಾಗ ಬೇಕು, ಅಂದರೆ 70 ಅಡಿ. ತುಂಡು ತುಂಡಾಗಿ ಇಳಿಸಬೇಕು.

ಬೇರು ಸಡಿಲವಾದ ಮರಕ್ಕೆ ಆಳು ಹತ್ತಬಾರದು. ಹತ್ತಿದವನ ತೂಕ, ಕೊಂಬೆ ಕಡಿದಾಗ ಆಗುವ ಕುಲುಕಾಟ ಎರಡೂ ಸೇರಿ ಅದೇ ಹೊತ್ತಿಗೆ ಮರ ಮಗುಚಬಹುದು, ಆತನ ಬೆಲ್ಟು ಅದೇ ಮರಕ್ಕೆ ಕಟ್ಟಿರುತ್ತದೆ. ರಸ್ತೆ ಪಕ್ಕದಲ್ಲೇ ಇರುವುದರಿಂದ ಬೀದಿದೀಪ ರಿಪೇರಿಗೆ ಬಳಸುವಂಥ ಬಕೆಟ್ ಲಿಫ್ಟ್ ತರಿಸಿ, ಕೆಲಸಗಾರ ಬಕೆಟ್ಟಿನಲ್ಲಿ ನಿಂತು ಕತ್ತರಿಸಲಿ. ದಪ್ಪ ತುಂಡು ಹಿಡಿಯಲು ಹೈಡ್ರಾ ಕ್ರೇನ್. ಹೈಡ್ರಾದ ಕೊಕ್ಕೆಗೆ ಆಳನ್ನು ನೇತುಹಾಕಿ ಮೇಲೆ ಕಳಿಸುವುದನ್ನು ನೋಡಿದರೆ ಅಲ್ಲೇ ಕೆಲಸ ನಿಲ್ಲಿಸಿ. ಕ್ರೇನಿನ ಮೇಲೆ ಬರೆದಿರುವ ಟನ್ ಲೆಕ್ಕ ಬೂಮ್ ಪೂರ್ತಿ ಒಳಗಿದ್ದಾಗಿನದು. ಬೂಮ್ ಚಾಚಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ, ಆಪರೇಟರ್ ಹತ್ತಿರ ಇರುವ ಲೋಡ್ ಚಾರ್ಟ್ ನೋಡಿಸಿ.

ತೂಕದ ಅಂದಾಜು ಹೀಗೆ: ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ತೂಗುತ್ತದೆ ಅಂದುಕೊಳ್ಳಿ. 30 ಸೆಂ.ಮೀ. ದಪ್ಪ, ಎರಡು ಮೀಟರ್ ಉದ್ದದ ತುಂಡು ಸುಮಾರು 140 ಕಿಲೋ. ನಿಮ್ಮ ಬುಡದ 60 ಸೆಂ.ಮೀ. ದಪ್ಪದ ಒಂದೇ ಮೀಟರ್ ತುಂಡು 280 ಕಿಲೋ. ಇದನ್ನು ಬಾವಿ ಹಗ್ಗದಲ್ಲಿ ಕೈಯಿಂದ ಹಿಡಿದು ಇಳಿಸುತ್ತೇವೆ ಅನ್ನುವವರಿಗೆ ಕೆಲಸ ಕೊಡಬೇಡಿ. ಸಣ್ಣ ಕೊಂಬೆಗೆ 12 ರಿಂದ 16 ಎಂ.ಎಂ. ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗ ಸಾಕು. ತೆಂಗಿನ ನಾರಿನ ಹಗ್ಗ, ಬಿಸಿಲಿಗೆ ಒಣಗಿ ಪುಡಿ ಉದುರುವ ಪ್ಲಾಸ್ಟಿಕ್ ಹಗ್ಗ ಬೇಡ.

ಮೊದಲು ಕರೆಂಟು. ಸರ್ವಿಸ್ ವೈರನ್ನು ಕಂಬದಲ್ಲಿ ಬಿಚ್ಚಿಸಿ ಕೆಳಗಿಳಿಸಬೇಕು. ಕರೆಂಟು ಕಂಪನಿ ಚೆಸ್ಕಾಂನ ಶಾಖಾ ಕಚೇರಿಗೆ ಮುಂಚೆಯೇ ಬರೆದುಕೊಟ್ಟು ದಿನ, ಹೊತ್ತು ಗೊತ್ತು ಮಾಡಿಕೊಳ್ಳಿ, ತುರ್ತಿಗೆ 1912. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೆ ಕಂಬದಿಂದ ಮೀಟರ್‌ವರೆಗಿನ ತಂತಿ ಸಾಯುವುದಿಲ್ಲ. ಇದನ್ನು ಎಷ್ಟೋ ಮಂದಿ ಮರೆಯುತ್ತಾರೆ. ರಸ್ತೆಯಲ್ಲಿ 11 ಕೆವಿ ಲೈನ್ ಇದ್ದರೆ ಕ್ರೇನಿನ ಬೂಮ್, ಕೊಂಬೆ, ಹಗ್ಗ ಯಾವುದೂ ಅದರ ಮೂರು ಮೀಟರ್ ಒಳಗೆ ಹೋಗಬಾರದು. ಹೋಗಲೇಬೇಕು ಅಂದರೆ ಲೈನ್ ಆಫ್ ಆಗಬೇಕು.

ಈಗ ಕಡಿಯುವ ಅನುಕ್ರಮ. ಜಾಗ ಸಲೀಸಾಗಿದೆ ಅಂತ ರಸ್ತೆ ಕಡೆಯ ಕೊಂಬೆಗಳನ್ನು ಮೊದಲು ಕಡಿದು, ಮನೆ ಮೇಲಿನದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ವಾಲಿದ ಮರದಲ್ಲಿ ಇದೇ ದೊಡ್ಡ ತಪ್ಪು. ರಸ್ತೆ ಬದಿಯ ಕೊಂಬೆ ವಾಲಿಗೆ ಎದುರು ತೂಕವಾಗಿ ನಿಂತಿರುತ್ತದೆ. ಅದು ಹೋದ ಕೂಡಲೇ ಎಲ್ಲ ಭಾರ ಮನೆ ಕಡೆಗೆ ಬೀಳುತ್ತದೆ. ಮನೆ ಬದಿಯ ಕೊಂಬೆಗಳ ತುದಿಯಿಂದ ಶುರುಮಾಡಿ, ಒಳಕ್ಕೆ ಬರುತ್ತ, ವಾಲು ಬದಿಯ ಭಾರ ಇಳಿದ ಮೇಲೆಯೇ ಎದುರು ಬದಿ ಮುಟ್ಟಬೇಕು. ಅದಕ್ಕೂ ಮೊದಲು ಮೂರನೇ ಎರಡು ಭಾಗ ಎತ್ತರದಲ್ಲಿ ಹಗ್ಗ ಬಿಗಿದು, ಪಶ್ಚಿಮಕ್ಕೆ ರಸ್ತೆಯಾಚೆಯ ಗಟ್ಟಿ ಆಸರೆಗೆ ಎರಡು ಟನ್ ಚೈನ್ ಪುಲ್ಲಿಯಿಂದ ಬಿಗಿಯಾಗಿ ಹಿಡಿದಿಡಲಿ. ಎಳೆಯಬೇಡಿ, ಹಿಡಿದಿಟ್ಟರೆ ಸಾಕು. ಟ್ರಾಕ್ಟರ್‌ಗೆ ಕಟ್ಟಿ ಎಳೆದರೆ ಝಟಕಾ ಬಿದ್ದು ಉಳಿದ ಬೇರೂ ಕಿತ್ತುಬರುತ್ತದೆ. ವಿದ್ಯುತ್ ಕಂಬ, ಕಾಂಪೌಂಡ್ ಪಿಲ್ಲರ್ ಆಸರೆ ಅಲ್ಲ.

ಕೊನೆಗೆ ಎಂಟು ಹತ್ತು ಅಡಿ ಕಾಂಡ ಉಳಿದಾಗ ಅದನ್ನು ಮೇಲಿನಿಂದ ಎರಡೆರಡು ಅಡಿ ತುಂಡು ಮಾಡಿ ಹೈಡ್ರಾದಲ್ಲಿ ಇಳಿಸಲಿ. ಬುಡದಲ್ಲಿ ಮಾತ್ರ ಮೂರಡಿ ಮೋಟು ಉಳಿಸಿ. ಬೊಡ್ಡೆ ಕೀಳುವಾಗ ಜೆಸಿಬಿಗೆ ಹಿಡಿಯಲು ಅದೇ ಸನ್ನೆಕೋಲು.

ಚೈನ್‌ಸಾ ಹಿಡಿದವರ ಕಾಲಿಗೆ ಬೂಟು, ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ ಇರಬೇಕು. ಹವಾಯಿ ಚಪ್ಪಲಿ, ಲುಂಗಿಯಲ್ಲಿ ಬಂದರೆ ವಾಪಸು ಕಳಿಸಿ. ಬ್ಲೇಡಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸ ಮುಖಕ್ಕೆ ಚಿಮ್ಮುತ್ತದೆ, ಹಾಗಾಗಿ ಭುಜಕ್ಕಿಂತ ಮೇಲೆ ಎತ್ತಿ ಕುಯ್ಯಬಾರದು, ಒಂದೇ ಕೈಯಲ್ಲಂತೂ ಬೇಡವೇ ಬೇಡ. ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ಕಾಲ ಇದು. ಬೆಳಗ್ಗೆ ಏಳಕ್ಕೆ ಶುರುಮಾಡಿ, ಗಾಳಿ ಎದ್ದರೆ ನಿಲ್ಲಿಸಿ.

---

ರಸಪುರಿ_ತೋಪು

ಮಾವು ಕಡಿಸಬೇಡಿ! ತಾರಸಿ ಮೇಲಿನ ಎರಡು ಕೊಂಬೆ ತೆಗೆದರೆ ಸಾಕು. ಅದನ್ನೂ ಈಗ ಅಲ್ಲ, ಕಾಯಿ ಇಳಿಸಿದ ಮೇಲೆ, ಜುಲೈ-ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟ ದಿನಗಳಲ್ಲಿ. ಆಗ ಬರುವ ಚಿಗುರು ಬಲಿತು ಮುಂದಿನ ಹೂವಿಗೆ ತಯಾರಾಗಲು ಮೂರು ನಾಲ್ಕು ತಿಂಗಳು ಸಿಗುತ್ತದೆ. ಅಕ್ಟೋಬರ್ ದಾಟಿ ಸವರಿದರೆ ಆ ಕಡೆ ಹೂವಿಲ್ಲ. ಕೊಂಬೆ ಸವರಲು ಕೂಡ ಒಂದು ಮಾತು ಅದೇ ವೃಕ್ಷಾಧಿಕಾರಿಯ ಅರ್ಜಿಯಲ್ಲೇ ಸೇರಿಸಿಬಿಡಿ, ಸ್ಥಳ ನೋಡಲು ಹೇಗೂ ಬರುತ್ತಾರೆ.

ದಪ್ಪ ಕೊಂಬೆಯನ್ನು ಮೂರು ಸಲ ಕೊಯ್ಯಬೇಕು. ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಮೂರನೇ ಒಂದು ಭಾಗ ಆಳಕ್ಕೆ ಕೊಯ್ಯಿರಿ. ಅದಕ್ಕಿಂತ ಎರಡು ಬೆರಳು ಹೊರಗೆ ಮೇಲಿನಿಂದ ಕೊಯ್ದರೆ ಕೊಂಬೆ ಮುರಿದು ಬೀಳುತ್ತದೆ, ಕೆಳಗಿನ ಕೊಯ್ತ ಇರುವುದರಿಂದ ತೊಗಟೆ ಕಾಂಡದವರೆಗೂ ಸಿಗಿದು ಬರುವುದಿಲ್ಲ. ಉಳಿದ ಮೋಟನ್ನು ಮೂರನೇ ಕೊಯ್ತದಲ್ಲಿ ತೆಗೆಯಿರಿ. ಕೊಂಬೆ ಕಾಂಡಕ್ಕೆ ಕೂಡುವಲ್ಲಿ ಸುಕ್ಕುಗಟ್ಟಿದ ಉಂಗುರದ ಹಾಗೆ ಒಂದು ಉಬ್ಬು ಇರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಗರಗಸ ಅದರ ಹೊರ ಅಂಚಿನಲ್ಲೇ ಇಳಿಯಬೇಕು. ಗಾಯ ಮುಚ್ಚುವ ಜೀವಕೋಶ ಇರುವುದು ಆ ಉಬ್ಬಿನಲ್ಲಿ. ಚೆನ್ನಾಗಿ ಕಾಣಲಿ ಎಂದು ಕಾಂಡಕ್ಕೆ ಸಮನಾಗಿ ಕೆತ್ತಿದರೆ ಅದೂ ಹೋಗುತ್ತದೆ, ಗೇಣುದ್ದ ಬಿಟ್ಟರೆ ಆ ಮೋಟು ಕೊಳೆತು ಒಳಕ್ಕೆ ದಾರಿ ಮಾಡುತ್ತದೆ. ಸರಿಯಾದ ಗಾಯ ಮುಂದಿನ ವರ್ಷ ಸುತ್ತಲೂ ಬಳೆಯಂತೆ ತುಟಿ ಕಟ್ಟಿಕೊಂಡು ಒಳಕ್ಕೆ ಬರುತ್ತಿರುತ್ತದೆ. ಮೇಲೆ ಕೆಳಗೆ ಮಾತ್ರ ಕಟ್ಟಿದ್ದರೆ ಅಥವಾ ಎರಡು ಪಕ್ಕ ಮಾತ್ರ ಕಟ್ಟಿದ್ದರೆ ಉಬ್ಬನ್ನು ಎಲ್ಲೋ ಕೊಯ್ದಿದ್ದಾರೆ ಎಂದು ಅರ್ಥ.

ಒಂದು ವರ್ಷದಲ್ಲಿ ಒಟ್ಟು ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಕೊಯ್ದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತ 1 ಕಿಲೋ, ಸುಟ್ಟ ಸುಣ್ಣ 1 ಕಿಲೋ, ನೀರು 10 ಲೀಟರ್. ನಿಮಗೆ ಇದರ ಹತ್ತರಲ್ಲೊಂದು ಭಾಗ ಸಾಕು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧರ್ಧ ನೀರಿನಲ್ಲಿ ಕರಗಿಸಿ ಆಮೇಲೆ ಬೆರೆಸಿ, ಕಬ್ಬಿಣದ ಪಾತ್ರೆ ಬೇಡ. ತೊಳೆದ ಚಾಕು ಅದ್ದಿ ನೋಡಿ, ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು.

ಹೊಟ್ಟು ಉದುರುತ್ತಿರುವುದು ಕಾಂಡ ಕೊರಕ. ಉದ್ದ ಮೀಸೆಯ ದುಂಬಿಯ ಹುಳು ಒಳಗೆ ಸುರಂಗ ಮಾಡುತ್ತದೆ. ಹಸಿ ಹೊಟ್ಟು ಬರುತ್ತಿರುವ ತೂತು ಹುಡುಕಿ, ಸೈಕಲ್ ಬ್ರೇಕಿನ ತಂತಿಯ ತುದಿ ಕೊಕ್ಕೆ ಮಾಡಿ ತೂರಿಸಿ ಹುಳುವನ್ನು ಹೊರಗೆಳೆಯಿರಿ. ತಂತಿಯ ತುದಿಗೆ ಹಾಲಿನಂಥ ದ್ರವ ಹತ್ತಿದರೆ ಹುಳು ಸತ್ತಿದೆ. ನಂತರ ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ ಹಸಿ ಜೇಡಿಮಣ್ಣಿನಿಂದ ಬಾಯಿ ಮುಚ್ಚಿ. ಹತ್ತು ಹದಿನೈದು ದಿನ ಬಿಟ್ಟು ನೋಡಿ, ಹೊಸ ಹೊಟ್ಟು ಬಂದಿದ್ದರೆ ಇನ್ನೊಂದು ತೂತಿದೆ. ಹಳೆ ಪುಸ್ತಕಗಳಲ್ಲಿ ಡೈಕ್ಲೋರ್‌ವಾಸ್ ಅಂತ ಬರೆದಿರುತ್ತದೆ. ಅದು 2020ರ ಕೊನೆಗೆ ನಿಷೇಧ ಆಯಿತು, ಯಾರಾದರೂ ಕೊಟ್ಟರೂ ತಗೋಬೇಡಿ.

ತೆಂಗಿನ ಬುಡದ ಹತ್ತಿರ ಕಂದು ರಸ ಸೋರಿದೆಯೇ, ಕಾಂಡದಲ್ಲಿ ತೂತಿನಿಂದ ಜಗಿದ ನಾರು ಹೊರಬಂದಿದೆಯೇ ನೋಡಿ. ಎರಡೂ ಇಲ್ಲದಿದ್ದರೆ ಅದರ ತಂಟೆಗೆ ಹೋಗಬೇಡಿ. ಗರಿ ಸವರುವಾಗ ಒಣಗಿದ್ದು ಮಾತ್ರ ತೆಗೆಸಿ. ಹಸಿರು ಗರಿಯ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ.

---

ಬೇರುಬುಡ

ರಸಪುರಿ_ತೋಪು ಅವರು ಬರೆದ ಕೊಯ್ತದ ರೀತಿಗೆ ನನ್ನ ಪೂರ್ತಿ ಒಪ್ಪಿಗೆ. ಮುಲಾಮಿನ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ ಇದೆ. ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ್ದು, ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಒಳಗೆ ಗೋಡೆ ಕಟ್ಟಿ ಕೊಳೆಯನ್ನು ಬೇರ್ಪಡಿಸುತ್ತದೆ ಎಂದು. ಮೇಲೆ ಬಳಿದದ್ದರಿಂದ ಆ ಗೋಡೆ ಬಲವಾಗುವುದಿಲ್ಲ. ಟಾರು, ಆಯಿಲ್ ಪೇಂಟ್ ಬಳಿದರೆ ಒಳಗೆ ತೇವ ನಿಂತು ಕೊಳೆ ಹೆಚ್ಚಬಹುದು. ಪೊಟರೆಗೆ ಸಿಮೆಂಟ್ ತುಂಬುವುದಂತೂ ಖಂಡಿತ ಬೇಡ. ಮರ ಗಾಳಿಗೆ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ, ಒಳಗೊಳಗೇ ಉಜ್ಜಿ ಮರ ಕಟ್ಟಿಕೊಂಡ ಗೋಡೆಯನ್ನೇ ಒಡೆಯುತ್ತದೆ.

---

ರಸಪುರಿ_ತೋಪು

ಟಾರು, ಪೇಂಟ್ ಬೇಡ ಅನ್ನುವುದು ಸರಿ. ಆದರೆ ಜುಲೈ ಜಡಿಮಳೆಯಲ್ಲಿ ಸವರಿದ ಮಾವಿನ ತುದಿಗಳು ಒಣಗುತ್ತ ಹಿಂದಕ್ಕೆ ಬರುವ ರೋಗ ಇದೆ, ತಾಮ್ರ ಅದರ ಶಿಲೀಂಧ್ರವನ್ನು ತಡೆಯುತ್ತದೆ. ಹಾಗಾಗಿ ಹಣ್ಣಿನ ಮರಕ್ಕೆ, ಮಳೆಗಾಲದಲ್ಲಿ, ತೆಳುವಾಗಿ ಹಚ್ಚಿ ಅಂತಲೇ ಹೇಳುತ್ತೇನೆ. ನೆರಳಿನ ಮರಕ್ಕೆ ಬೇಕಿಲ್ಲ.

---

ಪಾಯ_ಪೈಪು

ಬೊಡ್ಡೆ ಮತ್ತು ಗೋಡೆ ಬಗ್ಗೆ.

ಅಣಬೆ ಹತ್ತಿದ ಬೊಡ್ಡೆಯನ್ನು ನೆಲದಲ್ಲಿ ಬಿಡಬೇಡಿ. ಆ ಶಿಲೀಂಧ್ರ ಬೇರಿನಿಂದ ಬೇರಿಗೆ ಹರಡುತ್ತದೆ, ಪಕ್ಕದಲ್ಲಿ ಮಾವಿದೆ. ಜೆಸಿಬಿ ಬರುವ ಮೊದಲು ಗುದ್ದಲಿಯಿಂದ ಸುತ್ತ ಅಗೆಸಿ ನೀರಿನ ಪೈಪು, ಯುಜಿಡಿ (ಒಳಚರಂಡಿ) ಪೈಪು ಎಲ್ಲಿದೆ ನೋಡಿ. ಬೇರು ಪೈಪನ್ನು ಅಪ್ಪಿಕೊಂಡಿದ್ದರೆ ಬೊಡ್ಡೆ ಎಳೆದಾಗ ಪೈಪೂ ಎದ್ದುಬರುತ್ತದೆ. ಅಂಥ ಬೇರನ್ನು ಮೊದಲೇ ಗರಗಸದಲ್ಲಿ ಬೇರ್ಪಡಿಸಿ. ಹಳೆಯ ಸ್ಟೋನ್‌ವೇರ್ ಪೈಪ್ ಆಗಿದ್ದರೆ ಇದೇ ಸಮಯಕ್ಕೆ ರಬ್ಬರ್ ರಿಂಗ್ ಜಾಯಿಂಟಿನ ಪಿವಿಸಿಗೆ ಬದಲಾಯಿಸಿ. ಸಿಮೆಂಟ್ ಜಾಯಿಂಟಿನ ಕೂದಲೆಳೆ ಬಿರುಕಿನಿಂದಲೇ ಬೇರು ಒಳಗೆ ನುಗ್ಗುವುದು.

ಕೊಳೆತ ಮಣ್ಣು, ಬೇರಿನ ಚೂರು ಆದಷ್ಟು ತೆಗೆಸಿ. ಗುಂಡಿಯನ್ನು ಒಂದೇ ಸಲ ತುಂಬಿದರೆ ಮೊದಲ ಮಳೆಗೇ ಕುಸಿಯುತ್ತದೆ. ಅರ್ಧ ಅಡಿ ಪದರ, ನೀರು, ದಿಮ್ಮಿಸು, ಮತ್ತೆ ಪದರ. ಮೈಸೂರಿನ ಬಹುಪಾಲು ಕಡೆ ಕೆಂಪು ಮಣ್ಣು, ಚೆನ್ನಾಗಿ ಕೂರುತ್ತದೆ. ಕಪ್ಪು ಎರೆ ಸಿಕ್ಕಿದರೆ ಅದನ್ನೇ ತುಂಬಬೇಡಿ, ಮರ ಹೀರುತ್ತಿದ್ದ ನೀರು ಇನ್ನು ಮಣ್ಣಿನಲ್ಲೇ ಉಳಿದು ಉಬ್ಬುತ್ತದೆ.

ಗೋಡೆಯನ್ನು ಈ ಮಳೆಗಾಲ ಮುಗಿದ ಮೇಲೆ ಕಟ್ಟಿ. ಸೀಳಿದ ಭಾಗವನ್ನು ಬಿಚ್ಚಿ ಹೊಸ ಪಾಯ ಹಾಕಬೇಕು, ಬಿರುಕಿಗೆ ಸಿಮೆಂಟ್ ಮೆತ್ತುವುದರಿಂದ ಆಗುವುದಿಲ್ಲ. ಮಾವಿನ ಬೇರು ದಕ್ಷಿಣದ ಗೋಡೆ ಹತ್ತಿರ ಬಂದಿದ್ದರೆ ಬೇರನ್ನು ಕಡಿಯಬೇಡಿ. ಬೇರಿನ ಎರಡು ಪಕ್ಕ ಒಂದೊಂದಡಿ ಬಿಟ್ಟು ಪಾಯ ನಿಲ್ಲಿಸಿ, ಮೇಲೆ ಆರ್‌ಸಿಸಿ ಲಿಂಟಲ್ ಹಾಯಿಸಿ, ಬೇರಿಗೂ ಲಿಂಟಲ್‌ಗೂ ನಡುವೆ ನಾಲ್ಕು ಇಂಚು ಸಡಿಲ ಮಣ್ಣು ಇರಲಿ. ಬುಡದ ಸುತ್ತ ಇಂಟರ್‌ಲಾಕ್ ಹಾಸಿದ್ದರೆ ಕನಿಷ್ಠ ಮೂರಡಿ ಕಿತ್ತು ತೆರೆದಿಡಿ.

---

ದಟ್ಟಗಳ್ಳಿ_40x60

ಎಲ್ಲರಿಗೂ ಧನ್ಯವಾದ. ಅರ್ಜಿ ತಯಾರು ಮಾಡುತ್ತಿದ್ದೇನೆ. ಬದಲಿಗೆ ಯಾವ ಗಿಡ, ಎಲ್ಲಿ ನೆಡಲಿ? ಅದೇ ಗುಂಡಿಯಲ್ಲಿ ಆಗುತ್ತದೆಯೇ?

---

ಬೇರುಬುಡ

ಅದೇ ಗುಂಡಿಯಲ್ಲಿ ಬೇಡ, ಒಂದೆರಡು ವರ್ಷ ಅಲ್ಲಿ ಹೂವಿನ ಗಿಡ, ಸೊಪ್ಪು ಬೆಳೆಯಿರಿ. ಉತ್ತರದ ಕಡೆಗೆ ಗೋಡೆ ಮತ್ತು ಪೋರ್ಟಿಕೋ ಎರಡರಿಂದಲೂ ಏಳೆಂಟು ಅಡಿ ಸಿಗುವ ಜಾಗ ಹುಡುಕಿ, ಸರ್ವಿಸ್ ವೈರಿನ ಕೆಳಗೆ ಮಾತ್ರ ಬೇಡ. ಅಷ್ಟು ಜಾಗಕ್ಕೆ ಬೆಟ್ಟದ ನೆಲ್ಲಿ, ಬಿಲ್ವ, ಸೀಬೆ, ಪಾರಿಜಾತ ಹೊಂದುತ್ತವೆ. ಮಳೆಮರ, ಆಕಾಶಮಲ್ಲಿಗೆ, ಸ್ಪ್ಯಾಥೋಡಿಯಾ 40×60ಗೆ ಅಲ್ಲ.

ಜೂನ್‌ನಲ್ಲಿ ಎರಡಡಿ ಘನ ಗುಂಡಿ ತೋಡಿ, ಮೇಲ್ಮಣ್ಣು ಎರಡು ಪಾಲು, ಕೊಟ್ಟಿಗೆ ಗೊಬ್ಬರ ಒಂದು ಪಾಲು. ಕವರಿನಲ್ಲಿ ಬೇರು ಸುರುಳಿ ಸುತ್ತಿಕೊಂಡಿದ್ದರೆ ಬಿಡಿಸಿ ಅಥವಾ ಸುತ್ತಿದ್ದನ್ನು ಕತ್ತರಿಸಿ ನೆಡಿ, ಇಲ್ಲದಿದ್ದರೆ ಆ ಸುರುಳಿಯೇ ಮುಂದೆ ಬುಡವನ್ನು ಬಿಗಿಯುತ್ತದೆ. ಕಾಂಡ ಬೇರಾಗಿ ಅಗಲವಾಗುವ ಜಾಗ ಮಣ್ಣಿನ ಮೇಲೆ ಕಾಣಬೇಕು. ಆಸರೆ ಕೋಲನ್ನು ಸಡಿಲವಾಗಿ ಎಂಟು ಆಕಾರದಲ್ಲಿ ಕಟ್ಟಿ, ಒಂದು ವರ್ಷಕ್ಕೆ ಬಿಚ್ಚಿಬಿಡಿ. ಗಾಳಿಗೆ ಅಲ್ಲಾಡಿದ ಗಿಡಕ್ಕೇ ಬುಡ ದಪ್ಪವಾಗುವುದು.